ಬಡಗಿ ಆರಿಸಿದ ಸ್ಪ್ರಿಂಗ್

ಹಾಸಿಗೆ ಹೊಲಿಯುವವನ ಹೃದಯ ಒಮ್ಮೆ ನಿಂತೇ ಹೋಗಿತ್ತು. ಅಂಗಡಿಯ ಮುಂದೆ ಕುಸಿದವನ ಎದೆಯನ್ನು ಎದುರಂಗಡಿಯ ಬಡಗಿ ಎರಡೂ ಅಂಗೈಗಳಿಂದ, ಆಂಬುಲೆನ್ಸ್ ಬರುವವರೆಗೂ ಬಿಡದೆ ಒತ್ತಿದ್ದ. ಪಕ್ಕೆಲುಬು ಮುರಿಯಿತು, ಜೀವ ಉಳಿಯಿತು. "ಮುರಿದಿದ್ದಕ್ಕೆ ಕೂಲಿ ಬೇಡ ಅಣ್ಣ. ಜೋಡಿಸೋದು ಮಾತ್ರ ಡಾಕ್ಟರ್ ಕೆಲಸ," ಎಂದು ಬಡಗಿ ಆಸ್ಪತ್ರೆಯಲ್ಲಿ ನಗಿಸಿದಾಗ, ನಗಲು ಹೋದ ಹಾಸಿಗೆಯವನ ಕಣ್ಣಲ್ಲಿ ನೋವಿಗೆ ನೀರು ಬಂದಿತ್ತು.

ಹಾಗೆ ಎದೆ ಒತ್ತುವುದನ್ನು ಎಲ್ಲರಿಗೂ ಕಲಿಸಿ ಆ ಋಣವನ್ನು ಬೀದಿಗೇ ತೀರಿಸುತ್ತೇನೆಂದು ಹಾಸಿಗೆಯವನು ಹೊರಟ. ದಪ್ಪ ಬಟ್ಟೆಗೆ ಹತ್ತಿ ತುಂಬಿ, ಎದೆಯ ಜಾಗದಲ್ಲಿ ಹಾಸಿಗೆಯ ಸ್ಪ್ರಿಂಗ್ ಕೂರಿಸಿ, ಆಳುದ್ದದ ಬೊಂಬೆಯೊಂದನ್ನು ಹೊಲಿದ. ಸ್ಪ್ರಿಂಗ್ ಆರಿಸಿದವನು ಬಡಗಿ. ಒಂದೊಂದನ್ನೂ ಒತ್ತಿ, "ಇದು ಮೆತ್ತಗಾಯ್ತು, ನಿಮ್ಮೆದೆ ಇದಕ್ಕಿಂತ ಮೊಂಡು," ಎನ್ನುತ್ತ ಪಕ್ಕಕ್ಕಿಟ್ಟವನು, ಕೊನೆಗೆ ಒಂದರ ಮೇಲಿಟ್ಟ ಕೈ ತೆಗೆಯಲಿಲ್ಲ. ಅವನ ಕೈಗೆ ನೆನಪಿತ್ತು. ಸಾಕಷ್ಟು ಆಳಕ್ಕೆ ಒತ್ತಿದರೆ ಆ ಸ್ಪ್ರಿಂಗ್ ಟಕ್ ಎನ್ನುತ್ತಿತ್ತು. ಬೊಂಬೆಗೆ 'ಭಾವ' ಎಂದು ಹೆಸರಿಟ್ಟವನೂ ಅವನೇ: "ಭಾವನ್ನ ಗುದ್ದೋಕೆ ಯಾರಿಗೂ ಸಂಕೋಚ ಇರಲ್ಲ."

ಭಾವನನ್ನು ಹೆಗಲಿಗೇರಿಸಿಕೊಂಡು ಹಾಸಿಗೆಯವನು ಮನೆಮನೆಗೂ ಹೋದ. ಬಡಗಿಯ ಮನೆ ಬಾಗಿಲಲ್ಲೂ ನಿಂತ. ಬಡಗಿಯ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

"ನಾನೂ ಕಲೀಲಾ ಅಣ್ಣ?"

"ನೀನ್ಯಾಕೆ? ಮನೇಲಿ ನಾನೊಬ್ಬ ಇದೀನಲ್ಲ!" ಎಂದ ಬಡಗಿ.

"ಹೌದು ಬಿಡು ತಂಗಿ, ಗುರುಗಳ ಮನೇಲಿ ಪಾಠ ಹೇಳೋಷ್ಟು ದೊಡ್ಡವನಲ್ಲ ನಾನು," ಎಂದು ಹಾಸಿಗೆಯವನೂ ನಕ್ಕು ಮುಂದಿನ ಮನೆಗೆ ನಡೆದ. ದೀಪದ ಬುಡ ಕತ್ತಲೆಂಬುದು ಎಲ್ಲರೂ ಬಲ್ಲ ಮಾತು. ತನ್ನ ಎದೆಯನ್ನು ತಾನೇ ಒತ್ತಿಕೊಳ್ಳಲು ಯಾರಿಂದಲೂ ಆಗದೆಂಬುದು ಮಾತ್ರ ಅಂದು ಇಬ್ಬರಿಗೂ ಹೊಳೆಯಲಿಲ್ಲ.

ಬಡಗಿ ಬಿದ್ದದ್ದು ಅದೇ ಮನೆಯ ಅಡುಗೆಕೋಣೆಯಲ್ಲಿ, ಹಾಡಹಗಲಲ್ಲಿ. ಹೆಂಡತಿ ಮುಖಕ್ಕೆ ನೀರು ಚಿಮುಕಿಸಿದಳು, ಅಂಗಾಲು ತಿಕ್ಕಿದಳು, ಅಲುಗಿಸಿ ಕೂಗಿದಳು, ಆಮೇಲೆ ಬೀದಿಗೆ ಓಡಿದಳು. ಕಲಿತಿದ್ದ ನೆರೆಯವರು ಬಂದು ಸರದಿಯಲ್ಲಿ ಒತ್ತಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಹಾಸಿಗೆಯವನು ಆಗ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ಭಾವನ ಎದೆ ಒತ್ತಿ ತೋರಿಸುತ್ತಿದ್ದ.

ಆ ಬಳಿಕದ ಮೊದಲ ತರಗತಿಗೆ ಅವಳು ತಾನಾಗಿಯೇ ಬಂದಳು. ಯಾರೊಡನೆಯೂ ಮಾತಾಡದೆ ಭಾವನ ಪಕ್ಕ ಮಂಡಿಯೂರಿ, ಅಂಗೈ ಮೇಲೆ ಅಂಗೈಯಿಟ್ಟು ಒತ್ತಿದಳು. ಟಕ್. ಟಕ್. ಮೊದಲ ಸಲಕ್ಕೇ ಸರಿಯಾಗಿತ್ತು.

"ಇಷ್ಟೇನಾ ಅಣ್ಣ?"

"ಇಷ್ಟೇ ತಂಗಿ."

"ಅವತ್ತು ನಾನು ಹೀಗೆ ಮಾಡಿದ್ರೆ ಉಳೀತಿದ್ರಾ?"

ಇಲ್ಲವೆಂದುಬಿಟ್ಟರೆ ಅವಳಿಗೂ ತನಗೂ ನಿದ್ದೆ ಬಂದೀತೆಂದು ಹಾಸಿಗೆಯವನಿಗೆ ಗೊತ್ತಿತ್ತು. ಆದರೆ ಆ ಸುಳ್ಳನ್ನಾಡಲು ಬೇಕಾದ ಉಸಿರೂ ಬಡಗಿ ಕೊಟ್ಟದ್ದೇ.

"ಉಳೀಬಹುದಿತ್ತು. ಖಂಡಿತ ಅಂತ ಹೇಳಲಾರೆ. ನಿನ್ನ ಮನೆ ಬಾಗಿಲಲ್ಲಿ ನೀನು ಕೇಳಿದಾಗ ನಾನು ನಗಬಾರದಿತ್ತು, ಕಲಿಸಬೇಕಿತ್ತು."

ಅವಳು ತಲೆಯಾಡಿಸಿದಳು; ಕೈ ನಿಲ್ಲಿಸಲಿಲ್ಲ. ತೋಳುಗಳು ನಡುಗತೊಡಗಿದವು. ಪ್ರತಿ ತರಗತಿಯಲ್ಲೂ ಹೇಳುವ ಮಾತನ್ನೇ ಅವನು ಹೇಳಿದ: "ಕೈ ಸೋತ್ರೆ ಪಕ್ಕದವರಿಗೆ ಬಿಡಬೇಕು."

"ಇನ್ನೂ ಸೋತಿಲ್ಲ."

ಹಾಸಿಗೆಯವನು ಎದುರಿಗೆ ಮಂಡಿಯೂರಿ, ಕೈಗಳನ್ನು ಸಿದ್ಧವಾಗಿಟ್ಟುಕೊಂಡು ಕಾದ. ಸ್ಪ್ರಿಂಗ್ ಟಕ್ಕೆನ್ನುತ್ತಲೇ ಇತ್ತು. ಅವಳು ಬಿಟ್ಟುಕೊಡಲಿಲ್ಲ.