ಎಫೇಮಿಯಾಳ ಪಾಲಿನ ಗೋಡೆ

ಡೆಲ್ಫಿನಾ ಕರಿಯ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಬಕೆಟ್ಟಿನ ಕೆಸರಿಗೆ ಎರಡೂ ಕೈ ಹಾಕಿದಳು. ಚಿಕ್ಕಂದಿನಲ್ಲಿ ಮುರಿದು ಹೊರಕ್ಕೆ ಬಾಗಿದ್ದ ಕಿರುಬೆರಳಿಗೆ ಹುಲ್ಲಿನ ಎಳೆಯೊಂದು ಸುತ್ತಿಕೊಂಡಿತು. ಇಗರ್ಜಿಯ ಅಂಗಳದಲ್ಲಿ ಅತ್ತೆ ಎಫೇಮಿಯಾಳ ಶವಪೆಟ್ಟಿಗೆ ಕಾಯುತ್ತಿತ್ತು.

ರಿಯೊ ಗ್ರಾಂಡೆ ದಂಡೆಯ ಆ ಇಗರ್ಜಿಯನ್ನು ಸ್ಪೇನಿನ ಪಾದ್ರಿಗಳು ಊರವರ ಬೆನ್ನ ಮೇಲೆ ಮಣ್ಣು ಹೊರಿಸಿ ಕಟ್ಟಿಸಿದ್ದರು. ಪಾದ್ರಿಗಳು ಹೋದರು, ಅವರ ರಾಜನೂ ಹೋದ. ಗೋಡೆ ಮಾತ್ರ ಹೆಂಗಸರ ಅಂಗೈಯಲ್ಲಿ ಉಳಿಯಿತು. ಒಂದೊಂದು ಮನೆಗೆ ಒಂದೊಂದು ಪಾಲು. ಬೇಸಿಗೆ ಬೇಸಿಗೆಗೂ ಮೆತ್ತಬೇಕು. ಪಾಲಿನವಳು ತೀರಿಕೊಂಡರೆ, ಆ ಮನೆಯ ಹೆಣ್ಣೊಬ್ಬಳು ಅಲ್ಲಿ ಹಸಿಮಣ್ಣು ಮೆತ್ತಿದ ಮೇಲೆಯೇ ಪೆಟ್ಟಿಗೆ ಒಳಗೆ ಹೋಗುವುದು. ಮೆತ್ತುವ ಕೈಯಿಲ್ಲದ ಮನೆಯ ಪಾಲು ನೆರೆಮನೆಗೆ.

ನೆರೆಮನೆಯ ನಿಕನೋರಾ ಬಕೆಟ್ಟಿನೊಂದಿಗೇ ಬಂದಿದ್ದಳು.

“ಯಾಕೆ ಸುಮ್ನೆ ಬಟ್ಟೆ ಕೊಳೆ ಮಾಡ್ಕೋತೀಯೇ? ಬದುಕಿದ್ದಾಗ ನಿಮ್ಮತ್ತೆ ನಿನ್ನ ಈ ಗೋಡೆ ಮುಟ್ಟೋಕೆ ಬಿಟ್ಟಿದ್ಲಾ?”

“ಇಲ್ಲ, ನಿಕನೋರಕ್ಕ.”

“ಮತ್ತೆ? ನಾನು ಮೆತ್ತಿದ್ರೆ ಅವಳೂ ನಿಶ್ಚಿಂತೆಯಾಗಿ ಮಲಗ್ತಾಳೆ.”

ಗಂಡ ಅಬ್ರಾನ್ ಕೈಯಲ್ಲಿದ್ದ ಟೋಪಿ ತಿರುಗಿಸುತ್ತ, “ಯಾರಾದ್ರೂ ಬೇಗ ಮೆತ್ತ್ರಪ್ಪ. ಅಮ್ಮಂಗೆ ಕಾಯೋದು ಅಂದ್ರೇನೇ ಆಗ್ತಿರಲಿಲ್ಲ” ಅಂದ. ಯಾರೋ ನಕ್ಕು, ಬಾಯಿ ಮುಚ್ಚಿಕೊಂಡರು.

*

ಮದುವೆಯಾದ ಮೊದಲ ಬೇಸಿಗೆ. ಇಗರ್ಜಿಗೆ ಒತ್ತುಕೊಟ್ಟ ಆಸರೆಗೋಡೆಯ ಹಿಂದಿನ ಮೂಲೆಯಲ್ಲಿ ಹಸಿ ಗೋಡೆ ಬಿಸಿಲಿಗೆ ಉಸಿರಾಡುವಂತೆ ಸಣ್ಣಗೆ ಆವಿ ಬಿಡುತ್ತಿತ್ತು. ಕೆಸರಿನ ಮೇಲೆ ಬಳಿದ ಬಿಳಿಮಣ್ಣಿನೊಳಗಿನ ಅಭ್ರಕದ ಚೂರುಗಳು ಹಗಲಲ್ಲೇ ಮೂಡಿದ ಚುಕ್ಕಿಗಳ ಹಾಗೆ. ಡೆಲ್ಫಿನಾ ತನಗೇ ತಿಳಿಯದೆ ಅಂಗೈ ಒತ್ತಿಬಿಟ್ಟಿದ್ದಳು.

“ಎತ್ತೇ ಕೈ! ಇದು ದೇವರ ಗೋಡೆ, ನಿಮ್ಮಪ್ಪನ ಕುರಿದೊಡ್ಡಿ ಅಲ್ಲ.”

“ತಪ್ಪಾಯ್ತು ಅತ್ತೆ. ಒರೆಸಿಬಿಡ್ಲಾ?”

“ನೀನು ನೀರು ತಗೊಂಡು ಬಾ. ಒರೆಸೋದು ನಂಗೊತ್ತು.”

ಅಂದಿನಿಂದ ಅವಳ ಪಾಲಿಗೆ ನೀರು ಹೊರುವುದು, ಹುಲ್ಲು ಬೆರೆಸಿ ಕೆಸರು ತುಳಿಯುವುದು, ಅಷ್ಟೇ. ಆಸರೆಗೋಡೆಯ ಹಿಂದಿನ ಆ ಮೂಲೆಗೆ ಅತ್ತೆ ಯಾರನ್ನೂ ಬಿಡಲಿಲ್ಲ. ಮೆತ್ತಿ ಮುಗಿದ ಮೇಲೆ, ಗೋಡೆ ಉಜ್ಜಿ ನುಣುಪು ಮಾಡುವ ಕುರಿದೊಗಲಿನ ತುಂಡು ಹಿಡಿದು, ತಾನೊಬ್ಬಳೇ ಹೋಗಿ ಕೂರುತ್ತಿದ್ದಳು.

*

ಡೆಲ್ಫಿನಾ ಈಗ ಆ ಮೂಲೆಯಲ್ಲೇ ಮಂಡಿಯೂರಿದಳು. ಮಣ್ಣು ಸವರುತ್ತ ಹೋದ ಬೆರಳು ತಟ್ಟನೆ ಒಂದು ತಗ್ಗಿಗೆ ಇಳಿಯಿತು. ಎಳೆಯ, ಸಪೂರ ಕೈಯ ಅಚ್ಚು. ಕಿರುಬೆರಳು ಹೊರಕ್ಕೆ ಬಾಗಿತ್ತು. ವರ್ಷವರ್ಷದ ಮಣ್ಣು ಸುತ್ತ ದಪ್ಪವಾಗಿ, ಕೈ ಗೋಡೆಯ ಆಳಕ್ಕೆ ಇಳಿದುಹೋಗಿತ್ತು. ಒಳಗೆಲ್ಲ ಉಜ್ಜಿ ಉಜ್ಜಿ ಬಂದ ನುಣುಪು.

“ಏನಾಯ್ತೇ? ಆಗಲ್ಲ ಅಂದ್ರೆ ಹೇಳು.” ನಿಕನೋರಾ ಬಗ್ಗಿದಳು. ತಗ್ಗು ನೋಡಿದಳು, ಡೆಲ್ಫಿನಾಳ ಕೈ ನೋಡಿದಳು. ತನ್ನ ಬಕೆಟ್ಟನ್ನು ಅವಳ ಪಕ್ಕಕ್ಕೆ ಸರಿಸಿಟ್ಟಳು.

“ಅಂಚು ಬಿಟ್ಟು ಮೆತ್ತೇ” ಅಂದಳು ಮೆಲ್ಲಗೆ. “ಒಳಗೆ ಕೆಸರು ಬಿದ್ದೀತು.”

ಇಗರ್ಜಿಯ ಗಂಟೆ ಮೊಳಗಿತು. ಪೆಟ್ಟಿಗೆ ಹೊಸ್ತಿಲು ದಾಟುವಾಗ ಬಿಸಿಲು ಮೂಲೆಗೆ ತಿರುಗಿತು. ಕಂದು ಹಸಿಯ ನಡುವೆ ಆ ಪುಟ್ಟ ಅಂಗೈ ಮಾತ್ರ ಒಣಗಿ, ಬೆಳ್ಳಗೆ, ಮಿನುಗುತ್ತಿತ್ತು.