ಯಂತ್ರಕ್ಕೂ ‘ರೀ’ ಎನ್ನುವ ಮಹಾಂತಯ್ಯ

ಮಕ್ತಲದ ಇಂಟರ್ನೆಟ್ ಕಚೇರಿಯ ಮಹಾಂತಯ್ಯನವರು ಯಂತ್ರಗಳನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ಯಾರೂ ಕೇಳಿಲ್ಲ. ಹೊರಗೆ ವೈಶಾಖದ ಬಿಸಿಲು ರಾಯಚೂರು ಬಸ್ಸುಗಳ ತಗಡನ್ನು ಕಾಯಿಸುತ್ತಿದ್ದರೂ ಒಳಗಿನ ತಂಪು ಕೋಣೆಯಲ್ಲಿ ಬೂದುಬಣ್ಣದ ಉಣ್ಣೆಯ ಸ್ವೆಟರ್ ತೊಟ್ಟು, ಕಂಪ್ಯೂಟರಿನ ಕಪ್ಪು ತೆರೆಯ ಮುಂದೆ ಕುಳಿತು, ಒಂದೇ ಬೆರಳಿನಿಂದ ಲಾಗ್ ತೋರಿಸುವ ಆಜ್ಞೆಯನ್ನು ಒತ್ತಿ, “ಏನಾತ್ರೀ, ಹೇಳ್ರಿ” ಎಂದು ಮೆಲ್ಲಗೆ ಕೇಳುವರು. ಆಗ ಎಲ್ಲೋ ದೂರದ ಊರಿನ ಇಂಟರ್ನೆಟ್ ಪೆಟ್ಟಿಗೆಯೊಂದು ತನ್ನಷ್ಟಕ್ಕೆ ತಾನು ಬರೆದುಕೊಂಡ ದಿನಚರಿ ಸಾಲುಸಾಲಾಗಿ ತೆರೆಯ ಮೇಲೆ ತೇಲಿ ಬರುವುದು: ಯಾವ ತಂತಿ ಸತ್ತಿತು, ಯಾವುದು ಜೀವ ತಳೆಯಿತು, ಯಾರು ಒಳಗೆ ಬಂದು ಹೋದರು. ಪುಟ ತುಂಬಿದಲ್ಲಿ ತೆರೆ ನಿಂತರೆ ಅವರೂ ನಿಲ್ಲುವರು; ಕಣ್ಣು ಮುಚ್ಚಿ ಓದಿದ್ದನ್ನು ಅರಗಿಸಿಕೊಂಡ ಮೇಲೆಯೇ ಮುಂದಿನ ಪುಟ.

ತೆಲಂಗಾಣ ಬಂದ ಮೇಲೆ ಅಂಗಡಿಗಳ ಬೋರ್ಡು ಬದಲಾದವು, ಹೊಸ ಗಾಡಿಗಳ ನಂಬರು ಬದಲಾಯಿತು. ಅವರ ಪೆಟ್ಟಿಗೆಗಳ ಹೆಸರುಗಳು ಮಾತ್ರ ಇನ್ನೂ ‘ಎಪಿ’ ಎಂಬ ಆಂಧ್ರದ ಅಕ್ಷರಗಳಿಂದಲೇ ಶುರುವಾಗುತ್ತಿದ್ದವು. ಯಾರಾದರೂ ಕೆಣಕಿದರೆ, “ಬದಲ್ ಮಾಡಾಕ ಒಂದು ಗಳಿಗಿ ಸಾಕ್ರಿ. ಅವರಿಗೂ ಒಂದೀಟು ರೂಢಿ ಆಗ್ಲಿ” ಎನ್ನುವರು. ಗೋಡೆಯನ್ನು ಸವರುತ್ತ, ಪಾದ ಎಳೆದು ನಡೆಯುವ ಈ ಮನುಷ್ಯನಿಗೆ ಯಾವುದಕ್ಕೂ ಅವಸರವೆಂಬುದಿರಲಿಲ್ಲ.

ಅವಸರವಿದ್ದದ್ದು ಶೇಖರನಿಗೆ. ಅದೇ ಸೀಮೆಯ ಮದ್ದೂರಿನ ಶೇಖರ್ ಕೇಬಲ್ ಎಳೆದು ಬೆಸೆಯುವ ಹುಡುಗ, ಮದುವೆ ಗೊತ್ತಾಗಿತ್ತು. ಅವನು ಬೆಸೆದ ವಡ್ಡೆಪಲ್ಲಿಯ ಲೈನು ದಿನಾ ಸಂಜೆ ಸತ್ತು, ಸ್ವಲ್ಪ ಹೊತ್ತಿಗೆ ತಾನೇ ಬದುಕುತ್ತಿತ್ತು. ಗದ್ವಾಲದ ಮೇಲ್ವಿಚಾರಕ ಚಂದ್ರಕಾಂತ್ ಅದು ಕೆಟ್ಟ ಬೆಸುಗೆಯೆಂದು ಷರಾ ಬರೆದು, ಸೋಮವಾರದಿಂದ ಕೆಲಸಕ್ಕೆ ಬರಬೇಡವೆಂದು ಹೇಳಿಬಿಟ್ಟಿದ್ದರು. ಬೆಸುಗೆ ಬಿಚ್ಚಿ ಬೆಸೆದೂ ಬೆಸೆದೂ ಶೇಖರನಿಗೆ ಕೊನೆಗೆ ತನ್ನ ಕೈಗಳ ಮೇಲೆಯೇ ಅನುಮಾನ ಬಂದಿತ್ತು. ಮಕ್ತಲಕ್ಕೆ ಬಂದವನು ಅಯ್ಯನವರ ಎದುರು ತಲೆ ತಗ್ಗಿಸಿ ನಿಂತ.

“ತಪ್ಪು ನಂದೇ ಇರಬೇಕ್ರಿ ಅಯ್ಯಾರ.”

“ಇರಬಹುದು ತಮ್ಮಾ. ಕೇಳೂಣು, ತಡಿ.”

ಅಯ್ಯನವರು ಮಕ್ತಲದಲ್ಲಿ ಕುಳಿತೇ ವಡ್ಡೆಪಲ್ಲಿಯ ಪೆಟ್ಟಿಗೆಯೊಳಗೆ ಹೋದರು. ತೆರೆಯ ಮೇಲೆ ಮೂಡಿದ ಪ್ರತಿ ಸಾಲಿನ ಮೊದಲಿಗೂ ತೊಂಬತ್ತಮೂರನೇ ಇಸವಿಯ ತಾರೀಖು. ಗಡಿಯಾರ ಹೊಂದಿಸದ ಆ ಹಳೆಯ ಪೆಟ್ಟಿಗೆಗೆ ಪ್ರತಿ ಸಲ ಆರಿ ಎದ್ದಾಗಲೂ ಅದೇ ವರ್ಷದ ಅದೇ ಮುಂಜಾವು. ತೆಲಂಗಾಣವೂ ಇಲ್ಲ, ಶೇಖರನೂ ಹುಟ್ಟಿಲ್ಲ. ಅಯ್ಯನವರು ಬಹಳ ಹೊತ್ತು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದು ಶೇಖರ್ ಹೆದರಿದ.

“ತಂತಿ ಕಡಿದ್ರ ಇವರು ಎಚ್ಚರ ಇರ್ತಾರ, ತಂತಿ ಹೋತು ಅಂತ ಬರಕೋತಾರ. ಇವರು ಅದನ್ನ ಬರದಿಲ್ಲ. ಮಲಗಿ ಎದ್ದಾರ. ಸಂಜಿ ಆದಕೂಡ್ಲೆ ಯಾರೋ ಕರೆಂಟು ತಗದು ಮಲಗಸ್ತಾರ. ನಿನ್ನ ಕೈ ಸುದ್ದ ಐತಿ.”

ಶೇಖರನ ಕಣ್ಣು ತುಂಬಿತು. ಆದರೆ ಅಷ್ಟಕ್ಕೇ ಚಂದ್ರಕಾಂತ್ ಒಪ್ಪುವ ಪೈಕಿಯವರಲ್ಲ. ಇಬ್ಬರೂ ಬಸ್ಸು ಹಿಡಿದರು. ಜೂರಾಲದ ಸೇತುವೆಯ ಮೇಲೆ ಕೃಷ್ಣೆ ಅಗಲಕ್ಕೆ ಹೊಳೆಯುತ್ತಿದ್ದಳು. ಸ್ವೆಟರ್ ತೊಟ್ಟ ಅಯ್ಯನವರು ಕಿಟಕಿಯ ಬಿಸಿಗಾಳಿಗೆ ಮುಖ ಕೊಟ್ಟು ದಾರಿಯುದ್ದಕ್ಕೂ ನಸುನಗುತ್ತಿದ್ದರು.

ಪೆಟ್ಟಿಗೆ ಇದ್ದದ್ದು ಪೋಚಮ್ಮ ಎಂಬ ಕುರುಬರ ಮುದುಕಿಯ ಪಡಸಾಲೆಯಲ್ಲಿ. ಹೊತ್ತು ಮುಳುಗುತ್ತಲೇ ಆಕೆ ಮುಖ ತೊಳೆದು, ಬೀರಪ್ಪ ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕಿ, ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದಳು. ಮನೆಯೆಲ್ಲ ಕತ್ತಲಾಯಿತು, ಪೆಟ್ಟಿಗೆಯ ಹಸಿರು ಕಣ್ಣುಗಳೂ ಆರಿದವು. ಬತ್ತಿ ಹತ್ತಿಕೊಂಡು, ಕೈಮುಗಿದು ಆದ ಮೇಲೆ ಸ್ವಿಚ್ಚು ಮೇಲೇರಿತು.

“ದೇವ್ರ ದೀಪಕ್ಕಿಂತ ಮುಂಚೆ ಮನ್ಯಾಗ ಬ್ಯಾರೆ ಬೆಳಕು ಇರಬಾರ್ದ್ರಿ. ನಮ್ಮತ್ತಿ ಕಾಲದ್ದು,” ಎಂದಳು ಪೋಚಮ್ಮ. ತನ್ನಿಂದ ಊರಿನ ಇಂಟರ್ನೆಟ್ಟು ಸಾಯುತ್ತಿದೆಯೆಂದು ತಿಳಿದಾಗ ಮುದುಕಿಯ ಮುಖ ಬಾಡಿತು. “ಹಂಗಾದ್ರ ನಾ ಏನು ಮಾಡ್ಲಿ? ಬಿಡಾಕ ಆಗಂಗಿಲ್ರಿ.”

ಬೈಯುವುದಕ್ಕೆ ಬಾಯಿ ತೆರೆದಿದ್ದ ಶೇಖರ್ ಅಯ್ಯನವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ಬಿಡಬ್ಯಾಡ್ರಿ ಅವ್ವಾ,” ಎಂದರು ಅವರು. ಪೆಟ್ಟಿಗೆಗೆ ಬೇರೆಯಾಗಿ ಬ್ಯಾಟರಿ ಕೂಡಿಸಿದರಾಯಿತು. ಆದರೆ ಆ ಹಸಿರು ಬೆಳಕು ದೇವರಿಗಿಂತ ಮೊದಲು ಉರಿದಂತಾಗುವುದಿಲ್ಲವೇ ಎಂದು ಪೋಚಮ್ಮ ಕೇಳಿದಳು. ಅಯ್ಯನವರು ಇದನ್ನೂ ಗಂಭೀರವಾಗಿ ಯೋಚಿಸಿದರು. ಕೊನೆಗೆ ಪೆಟ್ಟಿಗೆಯನ್ನು ತಿರುಗಿಸಿ, ಅದರ ಮುಖವನ್ನು ಗೋಡೆಗೆ ಮಾಡಿ, ಗಾಳಿ ಆಡುವಷ್ಟು ಸಂದು ಬಿಟ್ಟರು. ಪೋಚಮ್ಮ ಒಪ್ಪಿ ಚಹಾಕ್ಕಿಟ್ಟಳು.

ಚಂದ್ರಕಾಂತರಿಗೆ ಅಯ್ಯನವರು ಅಲ್ಲಿಂದಲೇ ಫೋನು ಮಾಡಿದರು. “ಕರೆಂಟಿನ ತಕರಾರ್ರಿ ಸಾಹೇಬರ. ಬೆಸುಗಿದಲ್ಲ. ಲಾಗ್ ಕಳಸ್ತೀನಿ, ನೀವೂ ಓದ್ರಿ.” ಮುದುಕಿಯ ಹೆಸರು ಬರಲಿಲ್ಲ. ಆ ಕಡೆಯಿಂದ, ಹುಡುಗ ಸೋಮವಾರ ಬರಲಿ ಎಂಬ ಮಾತು. ಶೇಖರ್ ಅಂಗಳಕ್ಕೆ ಹೋಗಿ, ಬೇವಿನ ಮರದ ಕೆಳಗೆ ಯಾರಿಗೂ ಕಾಣದಂತೆ ಅತ್ತ.

ಲೋಕದಲ್ಲಿ ತೀರ್ಪು ಕೊಡಬಲ್ಲವರಿಗೆ ಬರವಿಲ್ಲ. ಷರಾ ಬರೆಯುವ ಲೇಖನಿಗಳು ಪ್ರತಿ ಕಚೇರಿಯಲ್ಲೂ ಮಸಿ ತುಂಬಿಕೊಂಡು ಕಾದಿರುತ್ತವೆ. ಮಹಾಂತಯ್ಯನವರಂಥವರು ವಿರಳ. ತಪ್ಪು ಸಿಕ್ಕಿದರೂ ಅವರು ತಪ್ಪಿತಸ್ಥರನ್ನು ಹುಡುಕಿಕೊಂಡು ಹೋಗುವುದಿಲ್ಲ. ಅಂಥವರ ಎದುರು ಅಪರಾಧಿಯಾಗಿ ನಿಂತಾಗಲೂ, ಏಕೋ, ಮನುಷ್ಯನಿಗೆ ಭಯವಾಗುವುದಿಲ್ಲ.