ಹೇಳಬೇಡಿ ಎಂದಿದ್ದ ಮಾತು

ದೀಪೇಶ್ ಚಪ್ಪಲಿ ಕಳಚದೆಯೇ ಯುವಕ ಮಂಡಲದ ಕೋಣೆಗೆ ನುಗ್ಗಿದರು. ಕೇರಂ ಆಡುತ್ತಿದ್ದ ಮಕ್ಕಳು ಎದ್ದು ಗೋಡೆಗೆ ಸರಿದರು.

"ನನ್ನ ಮಗಳ ತಲೆಗೆ ಎಂತ ತುಂಬಿಸಿದ್ರಿ ನೀವು?"

ಮಕ್ಕಳ ಜೊತೆ ಕೂತಿದ್ದ ಜೂಲಿ ಕುರ್ಚಿ ತೋರಿಸಿದರು. ದೀಪೇಶ್ ಕೂರಲಿಲ್ಲ.

"ಮನೆಯಲ್ಲಿ ನಗಾಡಿಕೊಂಡಿದ್ದ ಹುಡುಗಿ ಈಗ ಆಸ್ಪತ್ರೆಯಲ್ಲಿ. ಇಡೀ ಕಾವೂರಿಗೆ ಗೊತ್ತಾಗಿದೆ. ನಾಳೆ ಅವಳಿಗೆ ಸಂಬಂಧ ಯಾರು ತರ್ತಾರೆ, ನೀವು ತರ್ತೀರಾ?"

"ಪ್ರಾಪ್ತಿ ಊಟ ಮಾಡ್ತಾಳಾ?" ಜೂಲಿ ಕೇಳಿದರು.

"ಅದು ನಿಮಗೆ ಬೇಡ!" ದೀಪೇಶ್ ಮೇಜು ಗುದ್ದಿದರು. ಕೇರಂ ಬಿಲ್ಲೆಗಳು ಚದುರಿ ನೆಲಕ್ಕುರುಳಿದವು.

ಹಿಂದಿನ ವರ್ಷ ಮಂಡಲದ ಓಣಿಯ ಪಿಯುಸಿ ಹುಡುಗನೊಬ್ಬ ತನ್ನ ಜೀವ ತಾನೇ ಕಳೆದುಕೊಂಡಿದ್ದ. ಜನ ಸ್ವಲ್ಪ ದಿನ ಪಿಸುಗುಟ್ಟಿ ಸುಮ್ಮನಾದರು. ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದ್ದ ಜೂಲಿಗೆ ಸುಮ್ಮನಿರಲು ಆಗಲಿಲ್ಲ. ಮನೋವೈದ್ಯರೊಬ್ಬರ ಬಳಿ ತರಬೇತಿ ಪಡೆದು, ಮಂಡಲದ ಅಧ್ಯಕ್ಷ ಬೋಜಣ್ಣನಲ್ಲಿ ಆದಿತ್ಯವಾರ ಮಧ್ಯಾಹ್ನಕ್ಕೆ ಕೋಣೆ ಕೇಳಿದರು. ಭಾಷಣವಿಲ್ಲ, ಉಪದೇಶವಿಲ್ಲ. ಆಟ, ಚಹಾ, ಮಾತಾಡಬೇಕೆನಿಸಿದವರಿಗೆ ಕೇಳುವ ಒಂದು ಕಿವಿ.

ಪ್ರಾಪ್ತಿ ಬರತೊಡಗಿದ್ದು ತಡವಾಗಿ. ಒಂದು ಆದಿತ್ಯವಾರ ಉಳಿದವರೆಲ್ಲ ಹೋದ ಮೇಲೆ, ತಾನು ಸಾಯಲು ನಿಶ್ಚಯಿಸಿದ್ದೇನೆ ಎಂದು ಅವಳು ತಣ್ಣಗೆ ಹೇಳಿದಳು. "ಯಾರಿಗೂ ಹೇಳ್ಬೇಡಿ ಆಂಟಿ." ಜೂಲಿ ನೇರವಾಗಿ ಪ್ರಶ್ನೆಗಳನ್ನು ಕೇಳಿದರು. ಉತ್ತರಗಳಲ್ಲಿ ಅಪಾಯ ಸ್ಪಷ್ಟವಾಗಿತ್ತು. ಜೂಲಿ ಅವಳ ಪಕ್ಕದಿಂದ ಏಳದೆ ವೈದ್ಯರಿಗೆ, ಆಮೇಲೆ ಅವಳ ತಾಯಿಗೆ ಫೋನ್ ಮಾಡಿದರು.

"ಹೇಳುದಿಲ್ಲ ಅಂತ ನಂಬಿದ್ದೆ," ಪ್ರಾಪ್ತಿ ಕಿರುಚಿದ್ದಳು.

"ಜೀವದ ವಿಷಯ ಆದ್ರೆ ಮುಚ್ಚಿಡುದಿಲ್ಲ ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆ."

"ಮೊದಲ ದಿನ ನಾನು ಇಲ್ಲಿ ಇರ್ಲೇ ಇಲ್ಲ!"

ಅದು ನಿಜವಾಗಿತ್ತು. ಆ ರಾತ್ರಿಯೇ ವೈದ್ಯರು ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದರು.

ಈಗ ದೀಪೇಶರ ಬೊಬ್ಬೆಗೆ ಮಂಡಲದ ಸದಸ್ಯರೂ ಬಂದು ಸೇರಿದರು. "ಇಂಥದ್ದು ಮಾತಾಡಿದರೆ ಇಲ್ಲದ ಆಲೋಚನೆ ಹುಟ್ಟುದು," ಎಂದ ಅವರಲ್ಲೊಬ್ಬನಾದ ಮುಖೇಶ್. "ಕೋಣೆಗೆ ಬೀಗ ಹಾಕಿ ಬೋಜಣ್ಣ."

ಬೋಜಣ್ಣ ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡರು. "ಹೋದ ವರ್ಷ ಆ ಹುಡುಗನ ಚಟ್ಟ ಹೊತ್ತವರಲ್ಲಿ ನಾನೂ ಒಬ್ಬ. ಆಗ ನಾವು ಯಾರೂ ಎಂತದೂ ಮಾತಾಡಿರ್ಲಿಲ್ಲ. ಇನ್ನೊಂದು ಮಗುವನ್ನು ಹೊರುವ ತಾಕತ್ತು ನನಗಿಲ್ಲ ಮಾರಾಯ. ದೀಪೇಶಾ, ನಿನ್ನ ಮಗಳು ಜೀವಂತ ಉಂಟಲ್ಲ? ಹೋಗಿ ಅವಳ ಹತ್ರ ಕೂತುಕೋ."

ದೀಪೇಶ್ ಬಾಗಿಲನ್ನು ಒದ್ದು ಹೋದರು.

ಮುಂದಿನ ಆದಿತ್ಯವಾರ ಒಬ್ಬರೂ ಬರಲಿಲ್ಲ. 'ಹುಚ್ಚರ ಸಂಘ' ಎಂದು ಯಾರೋ ಬಾಗಿಲ ಮೇಲೆ ಇದ್ದಿಲಿನಲ್ಲಿ ಗೀಚಿದ್ದರು. ಜೂಲಿ ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಕುಳಿತರು. ಆಸ್ಪತ್ರೆಯಿಂದ ಮನೆಗೆ ಬಂದ ಪ್ರಾಪ್ತಿಯನ್ನು ನೋಡಲು ಹೋದಾಗ ಅವಳು ಗೋಡೆಯತ್ತ ತಿರುಗಿ ಮಲಗಿದಳು. "ಇವರನ್ನು ಹೊರಗೆ ಕಳಿಸಿ," ಎಂದಷ್ಟೇ ಹೇಳಿದಳು. ಮರಳುವ ದಾರಿಯುದ್ದಕ್ಕೂ ಜೂಲಿಯ ಕಣ್ಣು ಒಣಗಲಿಲ್ಲ. ಆದರೂ ವಾರ ತಪ್ಪಿಸಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಮರಳಿದರು. ಹೊಸಬರು ಬಂದಾಗಲೆಲ್ಲ ಜೂಲಿ ಆ ನಿಯಮವನ್ನು ಮತ್ತೆ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಾಪ್ತಿ ಬಾಗಿಲಲ್ಲಿ ನಿಂತಿದ್ದಳು. ಮುಖ ತುಂಬಿಕೊಂಡಿತ್ತು, ನೋಟ ಮಾತ್ರ ಮೊದಲಿನಷ್ಟೇ ಬಿರುಸು. ಜೊತೆಗೆ ಅವಳ ಕಾಲೇಜಿನ ನತಾಶಾ, ದುಪಟ್ಟಾದ ತುದಿ ಕಚ್ಚಿಕೊಂಡು ಕಣ್ಣು ನೆಲಕ್ಕೆ ನೆಟ್ಟಿದ್ದಳು.

"ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ," ಎಂದಳು ಪ್ರಾಪ್ತಿ. "ಹೋಗುದೂ ಇಲ್ಲ. ಇವಳು ಎಂತದಾದ್ರೂ ಹೇಳಿದ್ರೆ ಮನೆಗೆ ಹೇಳ್ತೀರಾ?"

"ಜೀವಕ್ಕೆ ಅಪಾಯ ಉಂಟು ಅನ್ನಿಸಿದ್ರೆ ಹೇಳ್ತೇನೆ. ಅವಳಿಗೆ ಮೊದಲು ತಿಳಿಸಿದ ಮೇಲೆಯೇ ಮನೆಗೆ ಹೇಳ್ತೇನೆ. ನಿನಗೆ ಹಾಗೆ ಮಾಡ್ಲಿಲ್ಲ, ಅದು ತಪ್ಪು."

ಪ್ರಾಪ್ತಿ ಗೆಳತಿಯತ್ತ ತಿರುಗಿದಳು. "ಕೇಳಿತಲ್ಲ? ಇವರು ಹೀಗೇ. ಈಗ ನೀನೇ ನೋಡು."

ನತಾಶಾ ನಿಂತೇ ಇದ್ದಳು. ಆಮೇಲೆ ಬಂದು ಜೂಲಿಯ ಎದುರಿನ ಕುರ್ಚಿಯಲ್ಲಿ ಕುಳಿತಳು.

"ನೀನೂ ಬಾ ಮಗಾ," ಜೂಲಿ ಕರೆದರು.

"ನಿಮ್ಮೊಟ್ಟಿಗೆ ಕೂರುದಿಲ್ಲ ನಾನು. ಹೊರಗೆ ಇರ್ತೇನೆ." ಬಾಗಿಲಿಗೆ ಕೈ ಹಾಕಿ, "ಬೆಳಗ್ಗಿನಿಂದ ಅವಳು ಎಂತದೂ ತಿಂದಿಲ್ಲ," ಎಂದು ಗದರುವಂತೆ ಹೇಳಿ, ಪ್ರಾಪ್ತಿ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.